ರಾಯಚೂರಿನ ಬಿಸಿಲಿಗೊಂದು ಗೇಮಿಂಗ್ ಪಿಸಿ: ಪಾರ್ಟ್ಸ್ ಆರಿಸಿದ್ದು, ಜೋಡಿಸಿದ್ದು, ಶಾಕ್ ಹೊಡೆಸಿಕೊಂಡಿದ್ದು

2024ರ ಮಾರ್ಚ್ ಕೊನೆ. ಅಕ್ಕನ ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಮನೆಗೆ ಬಂದವಳೇ ವಾಟ್ಸಾಪ್‌ನಲ್ಲಿ ಒಂದು ಲಿಸ್ಟ್ ಕಳಿಸಿದಳು. "ಮಾಮಾ, ಇದು ಒಂದು ಲಕ್ಷದಾಗ ಬರ್ತದೇನು?" ಯಾವುದೋ ವಿಡಿಯೋ ನೋಡಿ ಬರೆದುಕೊಂಡ ಗೇಮಿಂಗ್ ಪಿಸಿ ಲಿಸ್ಟ್ ಅದು. ಲಿಕ್ವಿಡ್ ಕೂಲರ್, ಬಣ್ಣ ಬಣ್ಣದ ಏಳು ಫ್ಯಾನ್, ಮುಂದೆಯೂ ಪಕ್ಕದಲ್ಲೂ ಗಾಜೇ ಇರುವ ಕ್ಯಾಬಿನೆಟ್. ಕೊನೆಯ ಸಾಲಿನಲ್ಲಿ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಇಳಿಸಿ ಎಲ್ಲ ಪಾರ್ಟ್ಸ್‌ಗೆ ಹಂಚುವ ಡಬ್ಬಿ) ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ಕೇಳಿದರೆ, "ಅದು ಯಾವುದಾದ್ರೂ ನಡೀತದಂತ" ಎಂದಳು.

ಅಲ್ಲಿಂದಲೇ ನಮ್ಮ ಜಗಳ ಶುರು.

ಮೊದಲು ಜಾಗದ ಬಗ್ಗೆ ಹೇಳಬೇಕು. ಅಕ್ಕನ ಮನೆ ರಾಯಚೂರಿನಲ್ಲಿ. ಹುಡುಗಿಯ ರೂಮು ಮೇಲಿನ ಮಹಡಿಯಲ್ಲಿದೆ, ಮೇಲೆ ಬರೀ ಆರ್‌ಸಿಸಿ ಛಾವಣಿ, ಎಸಿ ಇಲ್ಲ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ರೂಮಿನ ಒಳಗೆ ನಾನು ಇಟ್ಟ ಥರ್ಮಾಮೀಟರ್ 38 ಡಿಗ್ರಿ ತೋರಿಸಿತು. ಕರೆಂಟ್ ದಿನಕ್ಕೆ ಎರಡು ಮೂರು ಸಲ ಹೋಗಿ ಬರುತ್ತದೆ. ಇಪ್ಪತ್ತು ಕಿಲೋಮೀಟರ್ ಆಚೆ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಇದೆ, ಇಲ್ಲಿ ನಾವು ಮೊಬೈಲ್ ಟಾರ್ಚ್ ಹಚ್ಚಿಕೊಂಡು ಊಟ ಮಾಡುತ್ತೇವೆ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ. ಇದರ ಜೊತೆಗೆ ಎರೆಮಣ್ಣಿನ ಧೂಳು, ಪಕ್ಕದ ಅಕ್ಕಿ ಗಿರಣಿಯಿಂದ ಹಾರಿ ಬರುವ ತೌಡು.

ವಿಡಿಯೋದವರು ಪಾರ್ಟ್ಸ್ ಟೆಸ್ಟ್ ಮಾಡುವುದು ಎಸಿ ರೂಮಿನಲ್ಲಿ, 22–25 ಡಿಗ್ರಿಯಲ್ಲಿ. ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ ಅನ್ನುವುದು ರೂಮಿನ ಬಿಸಿಯ ಮೇಲೆ ಕೂಡುವ ಲೆಕ್ಕ. ಅವರ ಹತ್ತಿರ 72 ಡಿಗ್ರಿ ಬಂದರೆ ನಮ್ಮ ರೂಮಿನಲ್ಲಿ 85 ದಾಟುತ್ತದೆ. ಹಾಗಾಗಿ ಈ ಸಲ ನಾನು ಪಾರ್ಟ್ಸ್ ಆರಿಸುವಾಗ "ಎಷ್ಟು ಫ್ರೇಮ್ ಬರುತ್ತದೆ" (ಗೇಮ್‌ನಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ) ಅನ್ನುವುದಕ್ಕಿಂತ ಮೊದಲು "ಎಷ್ಟು ವ್ಯಾಟ್ ತಿನ್ನುತ್ತದೆ" ಅಂತ ನೋಡಿದೆ. ತಿಂದ ಪ್ರತಿ ವ್ಯಾಟೂ ಕೊನೆಗೆ ಅದೇ ರೂಮಿನಲ್ಲಿ ಬಿಸಿಯಾಗಿ ಉಳಿಯುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಯಿಂದ ಹೋಗುವುದೂ ಅದೇ ವ್ಯಾಟು.

ಅವಳು ಆಡುವುದು ಮುಖ್ಯವಾಗಿ ವ್ಯಾಲರಂಟ್. ಆಗಾಗ ಜಿಟಿಎ ಫೈವ್. ಮುಂದೆ ಇಂಜಿನಿಯರಿಂಗ್ ಸೇರಿದರೆ ಕೋಡಿಂಗು, ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಕಲಿಯುವ ಆಸೆಯೂ ಇದೆ. ವ್ಯಾಲರಂಟ್‌ಗೆ ದೊಡ್ಡ ಗ್ರಾಫಿಕ್ಸ್ ಕಾರ್ಡೇ ಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. 1080ಪಿ ಪರದೆಯಲ್ಲಿ ಆ ಗೇಮ್‌ನ ವೇಗ ನಿಲ್ಲುವುದು ಹೆಚ್ಚಾಗಿ ಪ್ರೊಸೆಸರ್ ಮೇಲೆ. ಅದಕ್ಕೇ ಮೊದಲು ಪ್ರೊಸೆಸರ್ ನೋಡಿದೆ.

ನನ್ನ ಮುಂದೆ ಇದ್ದದ್ದು ಮೂರು. ರೈಜನ್ 5 5600, ಇಂಟೆಲ್ ಐ5 12400ಎಫ್, ರೈಜನ್ 5 7600. ಮೂರಕ್ಕೂ ಆರು ಕೋರ್, ಹನ್ನೆರಡು ಥ್ರೆಡ್, ಅಂದರೆ ಕೆಲಸ ಮಾಡುವ ಕೈಗಳ ಲೆಕ್ಕ ಸಮ. ಮೊದಲನೆಯದು ಎಲ್ಲಕ್ಕಿಂತ ಅಗ್ಗ, ಆದರೆ ಅದು ಕೂರುವ ಎಎಂ4 ಸಾಕೆಟ್ 2016ರದ್ದು, ಅದರ ದಾರಿ ಮುಗಿಯುತ್ತ ಬಂದಿತ್ತು. 7600 ಕೂರುವ ಎಎಂ5 ಬಂದದ್ದು 2022ರಲ್ಲಿ. ಮೂರು ವರ್ಷ ಬಿಟ್ಟು ಮದರ್‌ಬೋರ್ಡ್ ಬಿಚ್ಚದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಬಹುದು ಅನ್ನುವ ಆಸೆ. (ನಾವು ತಗೊಂಡಾಗ 2025ರವರೆಗೆ ಸಪೋರ್ಟ್ ಅಂತ ರೈಜನ್ ಮಾಡುವ ಎಎಂಡಿಯವರು ಹೇಳಿದ್ದರು, ಎರಡು ತಿಂಗಳ ನಂತರ ಅದನ್ನು 2027ಕ್ಕೆ ಚಾಚಿದರು. ಲಾಟರಿ ಹೊಡೆದ ಹಾಗಾಯಿತು.)

ಆದರೆ 7600 ತಗೊಳ್ಳಲು ನನಗೆ ದೊಡ್ಡ ಕಾರಣ ಬೇರೆ. ಅದರೊಳಗೇ ಒಂದು ಸಣ್ಣ ಗ್ರಾಫಿಕ್ಸ್ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇರುವುದಿಲ್ಲ, ರೈಜನ್ 5600ರಲ್ಲೂ ಇಲ್ಲ. ಬೆಂಗಳೂರು, ಹೈದರಾಬಾದ್‌ನಲ್ಲಿ ಇರುವವರಿಗೆ ಇದು ಸಣ್ಣ ವಿಷಯ. ನಮಗೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಪ್ಯಾಕ್ ಮಾಡಿ ಕೊರಿಯರ್ ಹಾಕಿ ವಾರಗಟ್ಟಲೆ ಕಾಯಬೇಕು. ಅಷ್ಟು ದಿನ ಕಂಪ್ಯೂಟರ್ ಪೂರ್ತಿ ಸತ್ತು ಮಲಗುವ ಬದಲು ಗೇಮ್ ಬಿಟ್ಟು ಬೇರೆ ಕೆಲಸಕ್ಕಾದರೂ ನಡೆಯುತ್ತದೆ ಅಲ್ವಾ?

ಈ ಸಣ್ಣ ಗ್ರಾಫಿಕ್ಸೇ ಆಮೇಲೆ ನನ್ನ ಮಾನ ಕಳೆಯಿತು, ಅದನ್ನು ಮುಂದೆ ಹೇಳುತ್ತೇನೆ.

ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ಮೂರು ರಾತ್ರಿ ಹೋಯಿತು. ಆರ್‌ಟಿಎಕ್ಸ್ 3060 ಹಳೇದು, ಆದರೆ 12 ಜಿಬಿ ಮೆಮೊರಿ. ಆರ್‌ಎಕ್ಸ್ 7600 ಅಗ್ಗ, 8 ಜಿಬಿ. ಆರ್‌ಟಿಎಕ್ಸ್ 4060 ಸ್ವಲ್ಪ ಜಾಸ್ತಿ ಬೆಲೆ, ಅದಕ್ಕೂ 8 ಜಿಬಿಯೇ. 8 ಜಿಬಿ ಕಡಿಮೆ ಆಯಿತು ಅನ್ನುವವರ ಮಾತಿನಲ್ಲಿ ಸುಳ್ಳಿಲ್ಲ, ಹೊಸ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ (ಚಿತ್ರದ ಮೇಲ್ಮೈ ವಿವರ) ಪೂರ್ತಿ ಏರಿಸಿದರೆ ಅದು ತುಂಬಿ ಗೇಮ್ ತಡವರಿಸುತ್ತದೆ. ಆದರೆ ನನ್ನ ವ್ಯಾಟ್ ಲೆಕ್ಕದಲ್ಲಿ 3060ಗೆ 170, ಆರ್‌ಎಕ್ಸ್ 7600ಗೆ 165, 4060ಗೆ 115. ಐವತ್ತು ವ್ಯಾಟ್ ವ್ಯತ್ಯಾಸ. ಅಂದರೆ ಹಳೇ ಗುಂಡು ಬಲ್ಬ್ ಒಂದನ್ನು ಮೇಜಿನ ಕೆಳಗೆ ದಿನವಿಡೀ ಹಚ್ಚಿಟ್ಟ ಹಾಗೆ. 38 ಡಿಗ್ರಿ ರೂಮಿನಲ್ಲಿ ಆ ಬಲ್ಬ್ ನನಗೆ ಬೇಡವಾಗಿತ್ತು. 4060 ಅಂತ ಆಯಿತು. ಚಳಿ ಊರಿನಲ್ಲಿ ಇದ್ದಿದ್ದರೆ ಬೇರೆ ತಗೊಳ್ಳುತ್ತಿದ್ದೆನೋ ಏನೋ.

ಉಳಿದದ್ದು ಬೇಗ ಮುಗಿಯಿತು. ಬಿ650 ಚಿಪ್‌ಸೆಟ್ಟಿನ ಸಣ್ಣ ಮದರ್‌ಬೋರ್ಡ್, ವೈಫೈ ಇಲ್ಲದ್ದು. ರ್ಯಾಮ್ ಡಿಡಿಆರ್5, 16 ಜಿಬಿಯ ಎರಡು ಕಡ್ಡಿ, 6000 ವೇಗ, ಸಿಎಲ್ 30 (ಈ ನಂಬರ್ ಕಡಿಮೆ ಇದ್ದಷ್ಟೂ ರ್ಯಾಮ್ ಬೇಗ ಉತ್ತರ ಕೊಡುತ್ತದೆ). ಒಂದೇ ಕಡ್ಡಿ ತಗೊಂಡು ಆಮೇಲೆ ಇನ್ನೊಂದು ಹಾಕೋಣ ಅನ್ನುವುದು ಬೇಡ, ಪ್ರೊಸೆಸರ್‌ಗೂ ರ್ಯಾಮ್‌ಗೂ ನಡುವಿನ ಎರಡು ಚಾನಲ್‌ಗೆ ಎರಡು ಕಡ್ಡಿ ಮೊದಲೇ ಇರಲಿ. (ಆಗ ಇದಕ್ಕೆ 9,400 ಕೊಟ್ಟೆ. 2025ರ ಕೊನೆಗೆ ರ್ಯಾಮ್ ಬೆಲೆ ಏರಿದ್ದು ನೋಡಿದ ಮೇಲೆ ಆ ಬಿಲ್ ತೆಗೆದು ನೋಡಿ ಖುಷಿಪಡುತ್ತೇನೆ.) ಫೈಲ್ ಇಡಲು ಎಸ್‌ಎಸ್‌ಡಿ, ಎನ್‌ವಿಎಂಇ ಅನ್ನುವ ವೇಗದ ಜಾತಿ, 1 ಟಿಬಿ. ಮಾನಿಟರ್ 24 ಇಂಚು, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಾಗುತ್ತದೆ), ಐಪಿಎಸ್ ಪರದೆ.

ಇನ್ನು ಎಸ್‌ಎಂಪಿಎಸ್. ಲೆಕ್ಕ ಹಾಕೋಣ. ಪ್ರೊಸೆಸರ್ ಹೆಸರಿಗೆ 65 ವ್ಯಾಟಿನದು, ಎಷ್ಟೇ ಎಳೆದರೂ 88 ವ್ಯಾಟ್, ಕಾರ್ಡ್ 115, ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿ ಇನ್ನೊಂದು 50. ಒಟ್ಟು 250ರ ಆಸುಪಾಸು. ಹಾಗಾದರೆ ಕ್ಯಾಬಿನೆಟ್ ಜೊತೆ ಫ್ರೀ ಬರುವ "450 ವ್ಯಾಟ್" ಸಾಕಲ್ಲ ಅನ್ನಿಸುತ್ತದೆ. ಅದರ ಪಕ್ಕದ ಸ್ಟಿಕ್ಕರ್ ಓದಿ. 12 ವೋಲ್ಟ್ ಅಂತ ಇರುವ ಕಂಬದಲ್ಲಿ ಎಷ್ಟು ಆಂಪಿಯರ್ ಅಂತ ನೋಡಿ. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಆ ಒಂದು ಲೈನಿನಿಂದ. ನಾನು ನೋಡಿದ ಒಂದು ಫ್ರೀ ಎಸ್‌ಎಂಪಿಎಸ್‌ನಲ್ಲಿ 14 ಆಂಪಿಯರ್ ಅಂತ ಇತ್ತು. 12 ಗುಣಿಸು 14, ಅಂದರೆ 168 ವ್ಯಾಟ್. ಡಬ್ಬಿಯ ಮೇಲೆ ಮಾತ್ರ 450! ನಾನು ತಗೊಂಡ 550 ವ್ಯಾಟಿನದರಲ್ಲಿ 45 ಆಂಪಿಯರ್ ಇದೆ, ಅಂದರೆ 540. ಅದು ಸರಿಯಾದ ಲೆಕ್ಕ. 80 ಪ್ಲಸ್ ಅನ್ನುವ ಮುದ್ರೆಯನ್ನೇ ಕ್ವಾಲಿಟಿ ಅಂದುಕೊಳ್ಳಬೇಡಿ, ಅದು ಎಷ್ಟು ಕರೆಂಟ್ ವ್ಯರ್ಥವಾಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ನಾನು ಐದು ವರ್ಷ ವಾರಂಟಿ ಇರುವುದನ್ನು ಹುಡುಕಿದೆ. ಮಾಡಿದವನಿಗೇ ಐದು ವರ್ಷದ ಧೈರ್ಯ ಇದ್ದರೆ ನನಗೂ ಇರುತ್ತದೆ.

ಕ್ಯಾಬಿನೆಟ್ ಮುಂದೆ ಜಾಲರಿ ಇರುವುದು ಅಂತ ನಾನು, ಗಾಜು ಅಂತ ಅವಳು. "ಗಾಜಿನ ಹಿಂದೆ ಫ್ಯಾನ್ ಇಟ್ಟರೆ ಅದು ಗಾಳಿ ಎಲ್ಲಿಂದ ಎಳೀಬೇಕು?" ಅಂತ ಕೇಳಿದೆ. ಎರಡು ದಿನ ಮಾತು ಬಿಟ್ಟಳು. ಕೊನೆಗೆ ಮುಂದೆ ಜಾಲರಿ, ಪಕ್ಕದಲ್ಲಿ ಗಾಜು, ಫ್ಯಾನ್ ಬಣ್ಣದ್ದು ಅಂತ ರಾಜಿ ಆಯಿತು. ಲಿಕ್ವಿಡ್ ಕೂಲರ್ ಮಾತ್ರ ಪೂರ್ತಿ ತೆಗೆದೆ. 65 ವ್ಯಾಟ್ ಪ್ರೊಸೆಸರ್‌ಗೆ ಅದು ಇರುವೆ ಹೊಡೆಯಲು ಬಡಿಗೆ ತಂದ ಹಾಗೆ.

ಖರೀದಿಗೆ ಬೆಂಗಳೂರಿನ ಕಂಪ್ಯೂಟರ್ ಪಾರ್ಟ್ಸ್ ಮಾರ್ಕೆಟ್ ಎಸ್‌ಪಿ ರೋಡ್‌ಗೆ ಹೋಗಬಹುದಿತ್ತು. ಆದರೆ ರಾಯಚೂರಿನವರಿಗೆ ಹೈದರಾಬಾದ್ ಅದರ ಅರ್ಧ ದೂರ. ಸಿಕಂದರಾಬಾದ್‌ನ ಪಾರ್ಕ್ ಲೇನ್‌ನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಅನ್ನುವ ಕಂಪ್ಯೂಟರ್ ಮಾರ್ಕೆಟ್ ಇದೆ, ಎಲ್ಲರ ಬಾಯಲ್ಲಿ ಸಿಟಿಸಿ. ಬೆಳಗಿನ ರೈಲು ಹಿಡಿದು ಇಬ್ಬರೂ ಹೋದೆವು. ಅಂಗಡಿ ಅಂಗಡಿಗೆ ಒಂದೇ ಲಿಸ್ಟ್ ಕೊಟ್ಟು ಕೊಟೇಶನ್ ಬರೆಸಿಕೊಂಡೆವು. ನನ್ನ ತೆಲುಗು ಮಾರ್ಕೆಟ್ ತೆಲುಗು, ಅವಳದ್ದು ನನಗಿಂತ ಚೆನ್ನಾಗಿದೆ, ಹಾಗಾಗಿ ಚೌಕಾಸಿ ಅವಳಿಗೇ ಬಿಟ್ಟೆ.

ಒಂದು ಅಂಗಡಿಯವನು ಉಳಿದವರಿಗಿಂತ ಆರು ಸಾವಿರ ಕಡಿಮೆ ಹೇಳಿದ. ಅವಳ ಕಣ್ಣು ಅರಳಿತು. ನಾನು ಕೊಟೇಶನ್ ಚೀಟಿಯನ್ನು ಸಾಲು ಸಾಲಾಗಿ ಓದಿದೆ. ರ್ಯಾಮ್ 6000 ಬದಲು 4800, ಎಸ್‌ಎಸ್‌ಡಿ ಬರೀ "1 ಟಿಬಿ" ಅಂತ, ಮಾಡೆಲ್ ಇಲ್ಲ. ಎಸ್‌ಎಂಪಿಎಸ್ "550 ವ್ಯಾಟ್" ಅಷ್ಟೇ, ಯಾರು ಮಾಡಿದ್ದು ಅನ್ನುವುದು ಇಲ್ಲ. ಪ್ರೊಸೆಸರ್ ಮುಂದೆ "ಟ್ರೇ" ಅಂತ. ಅಂದರೆ ಡಬ್ಬಿ ಇಲ್ಲದ, ಕೂಲರ್ ಇಲ್ಲದ ಬಿಡಿ ಮಾಲು, ಕಂಪನಿಯ ಮೂರು ವರ್ಷದ ಡಬ್ಬಿ ವಾರಂಟಿ ಅದಕ್ಕೆ ಇಲ್ಲ. ಆರು ಸಾವಿರ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಕೊಟೇಶನ್ ಕೇಳುವಾಗ ಪೂರ್ತಿ ಮಾಡೆಲ್ ನಂಬರ್ ಬರೆಸಿ, ಬಿಲ್‌ನಲ್ಲಿ ಜಿಎಸ್‌ಟಿ ಜೊತೆ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆಸಿ. ನಾಳೆ ವಾರಂಟಿಗೆ ಹೋದಾಗ ಕೇಳುವುದು ಆ ನಂಬರನ್ನೇ.

ಕೊನೆಗೆ ಕೊಟ್ಟದ್ದು: ಪ್ರೊಸೆಸರ್ 18,500, ಬೋರ್ಡ್ 12,800, ರ್ಯಾಮ್ 9,400, ಕಾರ್ಡ್ 28,800, ಎಸ್‌ಎಸ್‌ಡಿ 5,900, ಎಸ್‌ಎಂಪಿಎಸ್ 4,900, ಕ್ಯಾಬಿನೆಟ್ 4,200, ಮಾನಿಟರ್ 10,200, ಕೀಬೋರ್ಡ್ ಮೌಸ್ 1,600. ಒಟ್ಟು 96,300. ವಾಪಸ್ ರೈಲಿನಲ್ಲಿ ಸೀಟ್ ಮೇಲೆ ಕ್ಯಾಬಿನೆಟ್ ಕೂತಿತು, ನಾವು ಬಾಗಿಲ ಹತ್ತಿರ ನಿಂತೆವು.

ಭಾನುವಾರ ಬೆಳಿಗ್ಗೆ ಆರಕ್ಕೆ ಜೋಡಿಸಲು ಕೂತೆವು, ಬಿಸಿಲು ಏರುವ ಮೊದಲು ಮುಗಿಸಬೇಕು ಅಂತ. ಮನೆ ನೆಲ ಶಹಾಬಾದ್ ಕಲ್ಲು. ಮೊದಲ ಕೆಲಸ, ಕ್ಯಾಬಿನೆಟ್‌ನ ಗಾಜು ಬಿಚ್ಚಿ ಹಾಸಿಗೆ ಮೇಲೆ ಮಲಗಿಸಿದ್ದು. ಟೆಂಪರ್ಡ್ ಗಾಜು ನಡುವೆ ಗುದ್ದಿದರೂ ತಾಳುತ್ತದೆ, ಮೂಲೆ ಕಲ್ಲಿಗೆ ತಾಗಿದರೆ ಮಾತ್ರ ಒಂದೇ ಸಲಕ್ಕೆ ಕಡಲೆಯಷ್ಟು ಚೂರು.

ಬೋರ್ಡನ್ನು ಅದರ ಡಬ್ಬಿಯ ಮೇಲೇ ಇಟ್ಟೆವು. ಎಎಂ5ರಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಇರಲ್ಲ, ಸಾಕೆಟ್‌ನಲ್ಲಿ ಇರುತ್ತವೆ, 1718 ಪಿನ್. ಒಂದು ಬಾಗಿದರೂ ಬೋರ್ಡ್ ವಾರಂಟಿ ಹೋದ ಹಾಗೆ. ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್‌ನ ತ್ರಿಕೋನ ಒಂದೇ ಕಡೆ ತಂದು ಮೇಲಿನಿಂದ ಸುಮ್ನೆ ಬಿಡಬೇಕು, ಒತ್ತಬಾರದು. ಅದನ್ನು ಅವಳ ಕೈಯಲ್ಲೇ ಮಾಡಿಸಿದೆ. ಸರಳು ಕೆಳಗೆ ಒತ್ತುವಾಗ ಕರ್ ಅಂತ ಶಬ್ದ ಬಂತು, ಅವಳು ಕಣ್ಣು ಮುಚ್ಚಿಕೊಂಡಳು. ಆ ಶಬ್ದ ಬರಲೇಬೇಕು. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಹಾರಿ ಬರುತ್ತದೆ, ಅದನ್ನು ಬಿಸಾಡಬೇಡಿ. ಬೋರ್ಡ್ ವಾರಂಟಿಗೆ ಕಳಿಸುವಾಗ ಆ ಮುಚ್ಚಳ ಹಾಕಿಯೇ ಕಳಿಸಬೇಕು.

ರ್ಯಾಮ್ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ. ಎಸ್‌ಎಸ್‌ಡಿಯ ಸಾಸಿವೆಯಂಥ ಸ್ಕ್ರೂ ಎರಡು ಸಲ ಬಿದ್ದು ಎರಡು ಸಲವೂ ಸಿಕ್ಕಿತು, ಪುಣ್ಯ. ಪ್ರೊಸೆಸರ್ ಜೊತೆ ಬಂದ ಕೂಲರ್‌ಗೆ ಬಿಸಿ ದಾಟಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಬೋರ್ಡ್ ಮೇಲಿನ ಪ್ಲಾಸ್ಟಿಕ್ ಕೊಂಡಿಗಳನ್ನು ಬಿಚ್ಚಿ ನಾಲ್ಕು ಸ್ಕ್ರೂವನ್ನು ಎದುರು ಬದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಸಿದೆವು. ಪವರ್ ಬಟನ್ನಿನ ಸಣ್ಣ ವೈರುಗಳು ಎಂದಿನಂತೆ ಪ್ರಾಣ ತಿಂದವು. ಹತ್ತೂವರೆಗೆ ಎಲ್ಲ ಮುಗಿಯಿತು.

ಬಟನ್ ಒತ್ತಿದೆವು. ಫ್ಯಾನ್ ತಿರುಗಿತು, ಬಣ್ಣದ ಲೈಟ್ ಬಂತು, ಮಾನಿಟರ್ ಮಾತ್ರ ಕಪ್ಪು. ಬೋರ್ಡ್ ಮೂಲೆಯಲ್ಲಿ ಡಿರ್ಯಾಮ್ ಅನ್ನುವ ಹಳದಿ ದೀಪ ಹತ್ತಿ ಕೂತಿತು.

ಒಂದು ನಿಮಿಷ. ಎರಡು.

"ಮಾಮಾ, ಕೆಟ್ಟೋತೇನು?"

ಎಎಂ5ರಲ್ಲಿ ಮೊದಲ ಸಲ ಹಚ್ಚಿದಾಗ ಬೋರ್ಡು ರ್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ, ಮೆಮೊರಿ ಟ್ರೇನಿಂಗ್ ಅಂತಾರೆ, ಅದಕ್ಕೆ ಕೆಲವು ನಿಮಿಷ ಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದರೂ ಬೆನ್ನಲ್ಲಿ ಬೆವರು ಇಳಿಯಿತು. ಬಹಳ ಜನ ಇದೇ ಹೊತ್ತಿನಲ್ಲಿ ಹೆದರಿ ಆಫ್ ಮಾಡಿ, ರ್ಯಾಮ್ ಕಿತ್ತು, ಮತ್ತೆ ಹಾಕಿ, ಟ್ರೇನಿಂಗ್ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ. ನಾಲ್ಕನೇ ನಿಮಿಷಕ್ಕೆ ಪರದೆ ಬೆಳಗಿತು. ಅಕ್ಕ ಕೆಳಗಿನಿಂದ "ಆತೇನ್ರೋ?" ಎಂದು ಕೂಗಿದಳು, ಆತು ಎಂದೆವು.

ಆಗಿರಲಿಲ್ಲ. ಖುಷಿಯಲ್ಲಿ ಕ್ಯಾಬಿನೆಟ್ ಮೇಲೆ ಕೈ ಇಟ್ಟೆ, ಜುಂ ಅಂತ ಹೊಡೆಯಿತು.

ಬರಿಗಾಲು, ಕಲ್ಲಿನ ನೆಲ. ಚಪ್ಪಲಿ ಹಾಕಿಕೊಂಡು ಟೆಸ್ಟರ್ ಹಚ್ಚಿ ನೋಡಿದರೆ ಕ್ಯಾಬಿನೆಟ್ ಮೈ ತುಂಬ ದೀಪ ಉರಿಯಿತು. ಮಲ್ಟಿಮೀಟರ್ ತಂದೆ. ಪ್ಲಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 227 ವೋಲ್ಟ್, ಸರಿ. ಕ್ಯಾಬಿನೆಟ್‌ಗೂ ಕಿಟಕಿಯ ಕಬ್ಬಿಣದ ಸರಳಿಗೂ ನಡುವೆ 105. ಕಂಪ್ಯೂಟರ್ ಕೆಟ್ಟಿಲ್ಲ, ಎಸ್‌ಎಂಪಿಎಸ್ ಕೂಡ ಕೆಟ್ಟಿಲ್ಲ. ಒಳ್ಳೆ ಎಸ್‌ಎಂಪಿಎಸ್ ಒಳಗೆ ಕರೆಂಟ್‌ನ ಗಲಾಟೆ ಸೋಸಲು ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಕಟ್ಟಿರುತ್ತಾರೆ. ಆ ಮೈ ಅರ್ತ್ ಪಿನ್ ಮೂಲಕ ಭೂಮಿಗೆ ಸೇರಿದ್ದರೆ ಅದು ಅಲ್ಲೇ ಇಳಿದು ಹೋಗುತ್ತದೆ. ಸೇರಿಲ್ಲ ಅಂದರೆ ಎರಡರ ನಡುವೆ ಸಿಕ್ಕಿ ಮೈ ಅರ್ಧ ವೋಲ್ಟೇಜ್‌ನಲ್ಲಿ ನಿಲ್ಲುತ್ತದೆ. ಕೆಪಾಸಿಟರ್ ಮೂಲಕ ಹರಿಯುವುದು ಬಹಳ ಸಣ್ಣ ಕರೆಂಟು, ಅದಕ್ಕೇ ಜುಂ ಅನ್ನಿಸಿ ಬಿಟ್ಟಿತು. ಆದರೆ ನಾಳೆ ಒಳಗೆ ನಿಜವಾಗಿ ಫೇಸ್ ವೈರ್ ಮೈಗೆ ತಾಗಿದರೆ ಕಾಪಾಡಲು ಏನೂ ಇಲ್ಲ ಅಂತ ಅರ್ಥ. ಆಫ್ ಮಾಡಿ ಪ್ಲಗ್ ಕಿತ್ತಿಟ್ಟೆ. ಹುಡುಗಿಯ ಮುಖ ನೋಡಲು ಆಗಲಿಲ್ಲ.

ಸಂಜೆ ವೈರ್‌ಮನ್ ಬಂದ. ಸ್ವಿಚ್ ಬೋರ್ಡ್ ಬಿಚ್ಚಿ ತೋರಿಸಿದ. "ಸರ್, ಅರ್ತಿಂಗ್ ಎಲ್ಲಿ ಅದ ಇಲ್ಲಿ? ಹಸಿರು ವೈರ್ ಕಟ್ ಮಾಡಿ ಮಡಚಿ ಇಟ್ಟಾರ." ಮನೆ ಕಟ್ಟಿ ಹದಿನೆಂಟು ವರ್ಷ, ಯಾರಿಗೂ ಗೊತ್ತಿಲ್ಲ. ಆಮೇಲೆ ಅವನೇ ಒಂದು ಉಪಾಯ ಹೇಳಿದ. ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಒಂದು ತುಂಡು ವೈರ್ ಹಾಕಿಬಿಟ್ಟರೆ ಶಾಕ್ ಹೋಗುತ್ತದೆ, ಐದು ನಿಮಿಷದ ಕೆಲಸ. ಹೌದು, ಶಾಕ್ ಹೋಗುತ್ತದೆ. ಎಲ್ಲೋ ನ್ಯೂಟ್ರಲ್ ಸಡಿಲವಾದ ದಿನ ಕ್ಯಾಬಿನೆಟ್ ಮೈಗೆ ಪೂರ್ತಿ 230 ಬಂದು ಕೂರುತ್ತದೆ. ಯಾರಾದರೂ ನಿಮಗೆ ಇದನ್ನು ಮಾಡಿಕೊಡುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ. ನಾನೂ ಬೇಡಣ್ಣ, ಹೊಸ ವೈರ್ ಎಳೆ ಎಂದೆ.

ಮೀಟರ್ ಬೋರ್ಡ್‌ನಿಂದ ಮೇಲಿನ ರೂಮಿಗೆ ಹೊಸ ಅರ್ತ್ ವೈರ್ ಎಳೆದದ್ದಾಯಿತು. ಆಮೇಲೆ ಅವನು ಹಳೇ 100 ವ್ಯಾಟ್ ಬಲ್ಬನ್ನು ಹೋಲ್ಡರ್‌ಗೆ ಹಾಕಿ ಒಂದು ತುದಿ ಫೇಸ್‌ಗೆ, ಇನ್ನೊಂದು ಅರ್ತ್‌ಗೆ ಹಿಡಿದ (ಇದನ್ನು ನೀವು ಮಾಡಲು ಹೋಗಬೇಡಿ). ಅರ್ತ್ ಚೆನ್ನಾಗಿದ್ದರೆ ಬಲ್ಬ್ ಪೂರ್ತಿ ಉರಿಯಬೇಕು. ನಮ್ಮದು ಎಣ್ಣೆ ತೀರಿದ ಹಣತೆಯ ಹಾಗೆ ಮಿಣಮಿಣ ಅಂದಿತು. ಮನೆ ಹಿಂದೆ ಹೋಗಿ ಅರ್ತ್ ಗುಂಡಿ ಹುಡುಕಿದೆವು. ಅದರ ಮೇಲೆ ಅಕ್ಕ ಸೌದೆ ಒಟ್ಟಿದ್ದಳು. ಸೌದೆ ತೆಗೆದರೆ ಪೈಪ್‌ನ ಕ್ಲ್ಯಾಂಪ್ ತುಕ್ಕು ಹಿಡಿದು ಪುಡಿಯಾಗಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ಹೊಸ ಕ್ಲ್ಯಾಂಪ್, ಸುತ್ತ ಅಗೆದು ಇದ್ದಿಲು, ಉಪ್ಪು, ಮೇಲೆ ಎರಡು ಕೊಡ ನೀರು. ಅರ್ಧ ಗಂಟೆ ಬಿಟ್ಟು ಬಲ್ಬ್ ಹಿಡಿದರೆ ಜಗ್ ಅಂತ ಉರಿಯಿತು. ಕ್ಯಾಬಿನೆಟ್ ಮೇಲೆ ಟೆಸ್ಟರ್ ಹಚ್ಚಿದರೆ ಕತ್ತಲು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸುವುದು ಇನ್ನೂ ಬಾಕಿ.

ಅದೇ ಹೊತ್ತಿಗೆ ಇನ್ವರ್ಟರ್ ಲೈನನ್ನೂ ಆ ರೂಮಿನ ಪ್ಲಗ್‌ಗೆ ಎಳೆಸಿದೆ. ಮನೆಯಲ್ಲಿ 900 ವಿಎ ಸೈನ್ ವೇವ್ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದೆ. ಇಲ್ಲಿ ಎರಡು ವಿಷಯ. ಒಂದು, ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಅನ್ನುವುದು ಇರುತ್ತದೆ, ಸ್ಕ್ವೇರ್ ವೇವ್ ಇನ್ವರ್ಟರ್ ಮತ್ತು ಅಗ್ಗದ ಯುಪಿಎಸ್ ಮೇಲೆ ಅವು ಕೆಲವೊಮ್ಮೆ ಮುನಿಸಿಕೊಂಡು ಆಫ್ ಆಗುತ್ತವೆ. ಎರಡು, ಇನ್ವರ್ಟರ್ ಹಿಂದೆ ಅಥವಾ ಮುಂದೆ ಯುಪಿಎಸ್, ಇಕೋ ಅಂತ ಒಂದು ಸ್ವಿಚ್ ಇರುತ್ತದೆ. ಕರೆಂಟ್ ಹೋದ ಮೇಲೆ ಬ್ಯಾಟರಿಗೆ ಬದಲಾಗುವ ನಡುವಿನ ಅಂತರವನ್ನು ಎಸ್‌ಎಂಪಿಎಸ್ ತಡೆದುಕೊಳ್ಳುವುದು ಹದಿನೈದು ಹದಿನೇಳು ಮಿಲಿಸೆಕೆಂಡ್ ಅಷ್ಟೇ. ಇಕೋದಲ್ಲಿ ಇಟ್ಟರೆ ಫ್ಯಾನು, ಲೈಟು ಗೊತ್ತೇ ಆಗದಂತೆ ನಡೆಯುತ್ತವೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆ ತಳ್ಳಿದೆ. ಹತ್ತು ಸಲ ಮೇನ್ ಆಫ್ ಮಾಡಿ ನೋಡಿದೆ, ಒಂದು ಸಲವೂ ಬೀಳಲಿಲ್ಲ.

ಇನ್ವರ್ಟರ್ ಲೈನ್ ಬಂದ ಮೇಲೆಯೇ ಬಯಾಸ್ (ಬೋರ್ಡ್ ಒಳಗೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ದು. ಅದರ ನಡುವೆ ಕರೆಂಟ್ ಹೋದರೆ ಬೋರ್ಡ್ ಕಲ್ಲಾಗುತ್ತದೆ. ಮಾಡದೆ ಬಿಡುವ ಹಾಗೂ ಇಲ್ಲ, 2023ರಲ್ಲಿ ಎಎಂ5 ಬೋರ್ಡ್‌ಗಳಿಗೆ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್ ಒಳಗೆ ರ್ಯಾಮ್ ನೋಡಿಕೊಳ್ಳುವ ಭಾಗದ್ದು) 1.3ಕ್ಕೆ ಕಟ್ಟಿಹಾಕುವ ಬಯಾಸ್ ಬಂತು, ರ್ಯಾಮ್ ವೇಗ ಏರಿಸುವ ಮೊದಲು ಅದು ಇರುವುದು ಒಳ್ಳೆಯದು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ (ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದೆ. ಇದನ್ನು ಮಾಡದಿದ್ದರೆ ನೀವು 6000ದ ರ್ಯಾಮ್‌ಗೆ ದುಡ್ಡು ಕೊಟ್ಟು 4800ರಲ್ಲಿ ಓಡಿಸುತ್ತೀರಿ. ಎಷ್ಟೋ ಮನೆಗಳಲ್ಲಿ ಹಾಗೇ ಓಡುತ್ತಿದೆ.

ವಿಂಡೋಸ್ 11 ಹಾಕುವಾಗ ಇಂಟರ್ನೆಟ್ ಬೇಕು ಎಂದು ನಿಂತಿತು. ವೈಫೈ ಇಲ್ಲದ ಬೋರ್ಡ್. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದರೆ ಮುಗಿಯಿತು. ವ್ಯಾಲರಂಟ್ ತೆಗೆದರೆ ವ್ಯಾನ್ 9003 ಅನ್ನುವ ಎರರ್. ವಿಂಡೋಸ್ 11ರಲ್ಲಿ ಆ ಗೇಮ್‌ನಲ್ಲಿ ಮೋಸದಾಟ ಹಿಡಿಯುವ ಕಾವಲುಗಾರನಿಗೆ ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಸೆಟ್ಟಿಂಗ್) ಆನ್ ಇರಲೇಬೇಕು, ಬಯಾಸ್‌ನಲ್ಲಿ ಅದು ಆಫ್ ಇತ್ತು. ಆನ್ ಮಾಡಿದೆ.

ಈಗ ನನ್ನ ಮಾನ ಹೋದ ಕಥೆ. ಗೇಮ್ ಓಪನ್ ಆಯಿತು, ಫ್ರೇಮ್ 70ರ ಆಸುಪಾಸು. ಒಂದು ಲಕ್ಷದ ಮಶೀನು, 70 ಫ್ರೇಮು! ಬಿಸಿ ಆಗಿದೆ ಅಂದೆ, ಡ್ರೈವರ್ ಸರಿ ಇಲ್ಲ ಅಂದೆ, ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಕಾರ್ಡೇ ಡೂಪ್ಲಿಕೇಟ್ ಕೊಟ್ಟಿದ್ದಾನೆ ಅಂತ ಅಂಗಡಿಯವನನ್ನು ಬೈದೆ. ಒಂದು ಗಂಟೆ ಆದ ಮೇಲೆ ಹುಡುಗಿ ಕ್ಯಾಬಿನೆಟ್ ಹಿಂದೆ ಬಗ್ಗಿ, "ಮಾಮಾ, ಕೇಬಲ್ ಇಲ್ಲಿ ಹಾಕೋದೇನು, ಕೆಳಗ ಹಾಕೋದೇನು?" ಎಂದು ಕೇಳಿದಳು. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ನ ಪೋರ್ಟ್‌ನಲ್ಲಿತ್ತು. ಪ್ರೊಸೆಸರ್ ಒಳಗಿನ ಆ ಸಣ್ಣ ಗ್ರಾಫಿಕ್ಸೇ ಪಾಪ ಇಷ್ಟು ಹೊತ್ತು ಗೇಮ್ ಎಳೆಯುತ್ತಿತ್ತು. ಎಫ್ ಪ್ರೊಸೆಸರ್ ಆಗಿದ್ದರೆ ಪರದೆಯೇ ಬರುತ್ತಿರಲಿಲ್ಲ, ಮೊದಲ ನಿಮಿಷಕ್ಕೇ ತಪ್ಪು ಗೊತ್ತಾಗುತ್ತಿತ್ತು. ಕೇಬಲನ್ನು ಕಾರ್ಡ್‌ಗೆ ಹಾಕಿದ ಮೇಲೆ 300 ದಾಟಿತು. ಮಾನಿಟರ್ ಇನ್ನೂ 60 ಹರ್ಟ್ಸ್‌ನಲ್ಲೇ ಇದೆ ಅನ್ನುವುದನ್ನೂ ಅವಳೇ ಕಂಡುಹಿಡಿದು ಸೆಟ್ಟಿಂಗ್ಸ್‌ನಲ್ಲಿ 165ಕ್ಕೆ ಏರಿಸಿದಳು. ಅವತ್ತಿನಿಂದ ನನ್ನ ಮಾತಿಗೆ ಬೆಲೆ ಸ್ವಲ್ಪ ಇಳಿದಿದೆ.

ಮಾರನೇ ದಿನ ಮಧ್ಯಾಹ್ನ ಮೂರಕ್ಕೆ ಬೇಕಂತಲೇ ಸಿನಿಬೆಂಚ್ (ಪ್ರೊಸೆಸರನ್ನು ಪೂರ್ತಿ ದುಡಿಸುವ ಟೆಸ್ಟ್) ಓಡಿಸಿದೆ. ರೂಮು 38. ಒಂದು ನಿಮಿಷದೊಳಗೆ ಪ್ರೊಸೆಸರ್ 95 ಮುಟ್ಟಿತು. 95 ಅದರ ಮಿತಿ, ಅದಕ್ಕಿಂತ ಮೇಲೆ ಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಹಾಗಾಗಿ ಸುಟ್ಟು ಹೋಗಲ್ಲ. ಆದರೆ ಆ ಪುಟ್ಟ ಕೂಲರ್ ಚಟ್ನಿ ರುಬ್ಬುವ ಮಿಕ್ಸಿಯ ಹಾಗೆ ಕಿರುಚಿತು. ಮೊದಲು ದುಡ್ಡು ಬೇಡದ ಉಪಾಯ ಮಾಡಿದೆ, ಬಯಾಸ್‌ನಲ್ಲಿ ಪ್ರೊಸೆಸರ್ ತಿನ್ನುವುದನ್ನು ಇಳಿಸುವ ಇಕೋ ಮೋಡ್ 45 ವ್ಯಾಟ್ ಅಂತ ಇಟ್ಟೆ. ಬಿಸಿ 84ಕ್ಕೆ ಇಳಿಯಿತು, ಗೇಮ್‌ನಲ್ಲಿ ನಮ್ಮಿಬ್ಬರ ಕಣ್ಣಿಗೂ ವ್ಯತ್ಯಾಸ ಕಾಣಲಿಲ್ಲ. ಶಬ್ದ ಮಾತ್ರ ಉಳಿಯಿತು. ಕೊನೆಗೆ 1,900 ರೂಪಾಯಿಯ ಟವರ್ ಕೂಲರ್ ತರಿಸಿ ಹಾಕಿದೆ, ಎತ್ತರ 150 ಮಿಲಿಮೀಟರ್, ಕ್ಯಾಬಿನೆಟ್‌ನಲ್ಲಿ ಹಿಡಿಯುತ್ತದಾ ಅಂತ ಮೊದಲೇ ಅಳೆದು. ಈಗ ಇಕೋ ಮೋಡ್ ಜೊತೆ 71. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ 74.

ಧೂಳಿಗೆ ಮುಂದಿನ ಜಾಲರಿಯ ಒಳಗೆ ಸೊಳ್ಳೆ ಪರದೆಯ ನೆಟ್ ಕತ್ತರಿಸಿ ಅಂಟಿಸಿದ್ದೇವೆ. ಮುಂದೆ ಎರಡು ಫ್ಯಾನ್ ಒಳಗೆ ಎಳೆಯುತ್ತವೆ, ಹಿಂದೆ ಒಂದು ಹೊರಗೆ ದಬ್ಬುತ್ತದೆ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದಿಗೊಂದಿಯಿಂದ ಧೂಳು ನುಗ್ಗುವುದು ಕಡಿಮೆ. ಹದಿನೈದು ದಿನಕ್ಕೊಮ್ಮೆ ನೆಟ್ ತೆಗೆದು ಕೊಡವಿದರೆ ಒಂದು ಹಿಡಿ ತೌಡು ಬೀಳುತ್ತದೆ, ಎಮ್ಮೆಗೆ ಹಾಕಬಹುದು.

ಅಕ್ಕನಿಗೆ ಒಂದೇ ಚಿಂತೆ ಇತ್ತು, ಗೃಹಜ್ಯೋತಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದಲ್ಲ. ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ತಂದು ತೋರಿಸಿದೆ. ಮಾನಿಟರ್ ಸೇರಿ ಗೇಮ್ ಆಡುವಾಗ 240 ವ್ಯಾಟ್, ಸುಮ್ನೆ ಇದ್ದಾಗ 80. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 29 ಯೂನಿಟ್. ಅಕ್ಕ ಲೆಕ್ಕ ಕೇಳಿ, ನಾಲ್ಕು ಗಂಟೆ ಯಾಕೆ, ಎರಡು ಸಾಕು ಎಂದಳು. ಆ ಜಗಳದಲ್ಲಿ ನಾನು ಬಾಯಿ ಹಾಕಲಿಲ್ಲ.

ಕೂಲರ್ ಸೇರಿ 98,200 ಆಗಿತ್ತು. ವೈರ್‌ಮನ್, ವೈರು, ಕ್ಲ್ಯಾಂಪು, ಉಪ್ಪು, ಇದ್ದಿಲು ಎಲ್ಲ ಸೇರಿ 2,500. ಒಂದು ಲಕ್ಷ ದಾಟಿಸಿದ್ದು ಅರ್ತಿಂಗೇ. ಸೌದೆ ಈಗ ಬೇರೆ ಕಡೆ ಹೋಗಿದೆ. ಅಕ್ಕ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದವಳು ಆ ಗುಂಡಿಗೂ ಒಂದು ಚೊಂಬು ಸುರಿದು ಒಳಗೆ ಹೋಗುತ್ತಾಳೆ.